ಗಿರಾಕಿಯ ಬಾಯಲ್ಲಿರುವ ಮಾತು

ನಮ್ಮ ನೆರೆಯ ಸಹೋದರಿಯೊಬ್ಬರು ಮನೆಯಲ್ಲೇ ಬುರ್ಖಾ ಹೊಲಿದು ಮಾರುತ್ತಾರೆ. ಕೂಡಿಟ್ಟ ಹಣದಿಂದ ವೆಬ್‌ಸೈಟ್ ಮಾಡಿಸಿದರು. ವರ್ಷ ಕಳೆದರೂ ಅದರಿಂದ ಒಂದೇ ಒಂದು ಆರ್ಡರ್ ಬರಲಿಲ್ಲ. ತೆರೆದು ನೋಡಿದರೆ ಮುಖಪುಟದಲ್ಲಿ 'ಸಭ್ಯ ಉಡುಪುಗಳ ಅಪೂರ್ವ ಸಂಗ್ರಹ' ಎಂದಿತ್ತು. ಓದಲೇನೋ ಚೆಂದ. ಆದರೆ ಗೂಗಲ್‌ನಲ್ಲಿ ಹಾಗೆಂದು ಯಾರು ಹುಡುಕುತ್ತಾರೆ?

"ಫೋನಿನಲ್ಲಿ ಗಿರಾಕಿಗಳು ಏನು ಕೇಳುತ್ತಾರೆ?" ಎಂದೆ.

"ಮಗುವಿಗೆ ಹಾಲು ಕೊಡ್ಲಿಕ್ಕೆ ಝಿಪ್ ಇರುವ ಬುರ್ಖಾ ಉಂಟಾ, ದಪ್ಪ ಇದ್ದವರ ಸೈಝ್ ಉಂಟಾ ಅಂತ."

ಕೀವರ್ಡ್ ಎಂದರೆ ಅದೇ, ಸಹೋದರಿಯರೇ. ಒಂದೇ ಉಡುಪನ್ನು ಕೆಲವರು ಬುರ್ಖಾ ಎನ್ನುತ್ತಾರೆ, ಕೆಲವರು ಪರ್ದಾ, ಇನ್ನು ಕೆಲವರು ಅಬಾಯ. ಯಾವ ಹೆಸರಿನ ಹುಡುಕಾಟ ಹೆಚ್ಚೆಂದು ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿಕೊಂಡು ಹೋಲಿಸಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿ ಕಾಣುವ 100 ಎಂಬ ಅಂಕಿ ಜನರ ಲೆಕ್ಕವಲ್ಲ. ಹುಡುಕಾಟ ತುತ್ತತುದಿಗೇರಿದ ಹೊತ್ತಿನ ಗುರುತು ಅಷ್ಟೆ.

ಬರೇ 'ಬುರ್ಖಾ' ಎಂದು ಹುಡುಕಿದರೆ ದೊಡ್ಡ ಅಂಗಡಿಗಳೇ ಮುಂದೆ ಬರುತ್ತವೆ. ಝಿಪ್, ಸೈಝ್, ಊರಿನ ಹೆಸರು ಸೇರಿಸಿ ಹುಡುಕುವವರು ಕಡಿಮೆ, ಆದರೆ ಅವರು ಹೆಚ್ಚಾಗಿ ಕೊಳ್ಳಲೆಂದೇ ಬಂದವರು. ಅಂಥವರ ಮಾತಿಗೆ ಒಂದೊಂದು ಪುಟ ಬೇಕು.

ಆ ಸಹೋದರಿಯ ಫೋನಿನ ಪಕ್ಕ ಈಗೊಂದು ನೋಟ್‌ಬುಕ್ ಇದೆ. ಗಿರಾಕಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡುತ್ತಾರೆ.