ಜಂಟಿ ಉದ್ಯಮದ ಕಾರು ದೇಶೀಯ ವಾಹನವೇ?

ಟೊಯೋಟಾ ಮತ್ತು ಕಿರ್ಲೋಸ್ಕರ್ ಸಮೂಹದ ಜಂಟಿ ಉದ್ಯಮವು ಬಿಡದಿಯಲ್ಲಿ ತಯಾರಿಸುವಂತಹ ಕಾರುಗಳು ದೇಶೀಯವೇ ಎಂಬ ಪ್ರಶ್ನೆಯು ಸರ್ಕಾರಿ ಖರೀದಿಯಲ್ಲಿ ಉದ್ಭವಿಸುತ್ತದೆ. ಕೇಂದ್ರ ಸರ್ಕಾರದ ಖರೀದಿಗೆ ಅನ್ವಯಿಸುವ 2017ರ ‘ಮೇಕ್ ಇನ್ ಇಂಡಿಯಾ’ ಆದ್ಯತಾ ಆದೇಶದಲ್ಲಿ ಷೇರು ಬಂಡವಾಳದ ಒಡೆತನಕ್ಕೆ ಬದಲಾಗಿ ಸ್ಥಳೀಯ ಅಂಶವೇ ಮಾನದಂಡವಾಗಿರುತ್ತದೆ.

ದೇಶೀಯ ಪರೋಕ್ಷ ತೆರಿಗೆ ಹೊರತುಪಡಿಸಿದ ಒಟ್ಟು ಮೌಲ್ಯದಿಂದ, ಸೀಮಾ ಸುಂಕ ಸೇರಿದ ಆಮದು ಭಾಗಗಳ ಮೌಲ್ಯವನ್ನು ಕಳೆದು ಇದನ್ನು ಲೆಕ್ಕಹಾಕಲಾಗುತ್ತದೆ. 2020ರ ಪರಿಷ್ಕರಣೆಯಂತೆ ಸಾಮಾನ್ಯವಾಗಿ ಶೇ. 50 ಅಥವಾ ಅದಕ್ಕೂ ಹೆಚ್ಚಿದ್ದರೆ ಒಂದನೇ ವರ್ಗ, ಶೇ. 20ರಿಂದ 50ರೊಳಗಿದ್ದರೆ ಎರಡನೇ ವರ್ಗ. ಖರೀದಿ ಆದ್ಯತೆಯು ಒಂದನೇ ವರ್ಗಕ್ಕೆ ಮಾತ್ರ ಲಭ್ಯ.

ಉದಾಹರಣೆಗೆ, ರೂ. 10 ಲಕ್ಷದ ಕಾರಿನಲ್ಲಿ ರೂ. 6 ಲಕ್ಷದ ಆಮದು ಭಾಗಗಳಿದ್ದರೆ ಸ್ಥಳೀಯ ಅಂಶ ಶೇ. 40 ಮಾತ್ರ. ಅದನ್ನು ಇಲ್ಲಿಯೇ ಜೋಡಿಸಿದ್ದರೂ ಆದ್ಯತೆ ದೊರೆಯದು. ಆದುದರಿಂದ ಪೂರೈಕೆದಾರರ ಪ್ರಮಾಣಪತ್ರದಲ್ಲಿ ಸ್ಥಳೀಯ ಅಂಶದ ಶೇಕಡಾವಾರು ಹಾಗೂ ಮೌಲ್ಯವರ್ಧನೆಯಾದ ಸ್ಥಳ ನಮೂದಾಗಿರುವುದನ್ನು ಖರೀದಿ ಅಧಿಕಾರಿಗಳು ಖಚಿತಪಡಿಸಿಕೊಳ್ಳತಕ್ಕದ್ದು.