ವಿದ್ಯುತ್ತಿಲ್ಲದ ಮನೆಯಲ್ಲಿ ಅಣಬೆ

ಅಣಬೆ ಬೇಸಾಯವೆಂದೊಡನೆ ತಂಪುಯಂತ್ರ, ದೊಡ್ಡ ಬಂಡವಾಳ ಎಂದು ಹಿಂಜರಿಯುವವರಿದ್ದಾರೆ. ಪೇಟೆಯ ಬಟನ್ ಅಣಬೆಯ ಮಟ್ಟಿಗೆ ಇದು ಸರಿಯೇ. ಅದಕ್ಕೆ 20 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಚಿಪ್ಪಣಬೆಯಾದರೋ 20ರಿಂದ 30 ಡಿಗ್ರಿಯಲ್ಲಿ ಬರುತ್ತದೆ. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ.

ನಮ್ಮಂತೆಯೇ ಗಡಿಯಾಚೆ ಉಳಿದುದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ನಮ್ಮ ನೆಲವನ್ನೂ ಆ ತಾಲೂಕನ್ನೂ ಮೈಸೂರಿಗೆ ಸೇರಿಸಬೇಕೆಂದಿತ್ತು. ಅಲ್ಲಿ ಬೋರಿ ನದಿಯ ಅಣೆಕಟ್ಟಿನ ಊರು ಕುರನೂರ. ಅಲ್ಲಿಯ ಹೊಲದ ವಸ್ತಿಗೂ ಇಲ್ಲಿಯ ತೋಟದ ಮನೆಗೂ ಈ ಬೆಳೆ ಹೊಂದೀತೇ? ಹೊಂದುತ್ತದೆ, ಆದರೆ ಒಂದೇ ತೆರನಾಗಿ ಅಲ್ಲ.

ಕ್ರಮ ಸರಳ. ಒಣ ಬೈಹುಲ್ಲನ್ನು ಎರಡು ಅಂಗುಲದಷ್ಟು ತುಂಡರಿಸಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಬಚ್ಚಲ ಹಂಡೆಯಲ್ಲಿ, ಕುದಿಯಲು ಹೊರಟ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ, ಹಿಂಡಿದರೆ ಹನಿ ಬೀಳದಷ್ಟು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು, ಅಣಬೆ ಬೀಜ, ಮತ್ತೆ ಹುಲ್ಲು ಎಂದು ಪದರ ಪದರವಾಗಿ ತುಂಬಿ, ಬಾಯಿ ಕಟ್ಟಿ, ಸಣ್ಣ ತೂತುಗಳನ್ನು ಮಾಡಿ ಕತ್ತಲೆಯಲ್ಲಿಟ್ಟರೆ ಹದಿನೈದಿಪ್ಪತ್ತು ದಿನಗಳಲ್ಲಿ ಒಳಗೆಲ್ಲ ಬೆಳ್ಳಗಾಗುತ್ತದೆ. ಬಳಿಕ ಚೀಲ ಸೀಳಿ, ಒದ್ದೆ ಗೋಣಿಯ ಮರೆಯಲ್ಲಿ ಗಾಳಿಯಾಡುವಂತೆ ತೂಗುಹಾಕಿ ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸುವುದು. ವಾರದಲ್ಲಿ ಮೊದಲ ಕೊಯ್ಲು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಸಿಲಿನ ಶಕ್ತಿಯಿಂದಲೇ ತುಂತುರು ಹಾಯಿಸುವ ಪುಟ್ಟ ಗೂಡನ್ನೂ ರೂಪಿಸಿದೆ. ಹೊಸಬರಿಗೆ ಅದೂ ಬೇಡ. ಎರಡು ಚೀಲ ಸಾಕು.

ಬೀಜವನ್ನು ಮಾತ್ರ ನಂಬಿಕೆಯ ಕಡೆಯಿಂದ ತಾಜಾ ಆಗಿಯೇ ತರಬೇಕು. ಕಾಡಿನ ಅಣಬೆಯಿಂದ ಬೀಜ ಮಾಡುವ ಸಾಹಸ ಸಲ್ಲದು.

ನಮ್ಮಲ್ಲಿ ತೇವಕ್ಕೆ ಕೊರತೆಯಿಲ್ಲ. ಹುಲ್ಲು ಸಾಲದಿದ್ದರೆ ತೆಂಗಿನ ಕಸವೂ ಆದೀತೆಂದು ಕೂಡ್ಲಿನ ಸಿ.ಪಿ.ಸಿ.ಆರ್.ಐ. ತೋರಿಸಿಕೊಟ್ಟಿದೆ. ಕಷ್ಟವೆಂದರೆ, ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ ಕೊಯ್ದುದು ಮರುದಿನಕ್ಕೆ ಬಾಡುತ್ತದೆ, ಮಳೆಯಲ್ಲಿ ಒಣಗಿಸಲೂ ಆಗದು. ಕುರನೂರದಲ್ಲಿ ಇದರ ತಿರುಗುಮುರುಗು. ಒಣಗಿಸಲು ಬಿಸಿಲು ಧಾರಾಳ. ಬೇಸಿಗೆ 40 ಡಿಗ್ರಿ ದಾಟುವಾಗ ಗೋಣಿಯೇ ಒದ್ದೆ ನಿಲ್ಲದು. ಅಲ್ಲಿ ಮಳೆಗಾಲ ಚಳಿಗಾಲಗಳೇ ತಕ್ಕ ಕಾಲ. ಜೋಳದ ಕಣಿಕೆಯೂ ಆಗುತ್ತದೆ, ಆದರೆ ಎತ್ತಿನ ಮೇವನ್ನು ಕಸಿದು ಅಣಬೆಗೆ ಕೊಡೆಂದು ಯಾರಿಗೆ ಹೇಳೋಣ? ದನ ಬಿಟ್ಟ ಒಣ ಕಣಿಕೆಯಿಂದಲೇ ತೊಡಗಲಿ.

ಹೊಸಬರು ಎಡವುವುದು ಸಣ್ಣ ವಿವರದಲ್ಲಿ. ಒಂದು ಗಂಟೆಯನ್ನು ಹತ್ತು ನಿಮಿಷವೆಂದು ತಿಳಿದರೆ ಚೀಲ ಹಸಿರು ಬೂಷ್ಟಿನ ಪಾಲು. ಮಲಯಾಳವನ್ನೋ ಮರಾಠಿಯನ್ನೋ ಮಾತಿನಲ್ಲಿ ನಿಭಾಯಿಸುವ ನಮ್ಮ ತಾಯಂದಿರಲ್ಲಿ ಅನೇಕರಿಗೆ ಆ ಲಿಪಿಯ ಕರಪತ್ರ ಕೈಗಿತ್ತರೂ ಒಂದೇ, ಕೊಡದಿದ್ದರೂ ಒಂದೇ. ಸರಕಾರಕ್ಕೆ ಕನ್ನಡದಲ್ಲೇ ಬರೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯಿದೆ ನಮಗಿತ್ತಿದೆ. ಚೀಲ, ಬೀಜ, ಹೊತ್ತು, ಅಳತೆ ಇವಿಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿಕೊಡಿರೆಂದು ಮಹಿಳಾ ಮಂಡಲಗಳು ಕೃಷಿಭವನಗಳಿಗೆ ಬರೆಯಲಿ. ಬಂದ ಪುಟದ ಒಂದು ಪ್ರತಿ ಕುರನೂರಕ್ಕೂ ಹೋಗಲಿ.