ಕೌದಿಗೆ ಐನೂರು ಯಾಕೆ?

"ಹಳೆ ಸೀರೆ ತಾನೇ, ಐನೂರಕ್ಕೆ ಕೊಡಿಸೋ." ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಕೌದಿ ನೋಡಿದ ಬೆಂಗಳೂರಿನ ಗೆಳೆಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ ಸ್ವಾಮಿ!

ಸೀರೆ ಹಳೇದು, ಒಪ್ಪಿದೆ. ಆದರೆ ಅದನ್ನು ಒಗೆದು, ಸವೆದ ಭಾಗ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ದಿನಗಳೂ ಹಳೇವಾ? 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಕೌದಿಗೆ ಹದಿನೈದು ದಿನ ಹಿಡಿಯಿತು ಅನ್ನಿ. ಮಣ್ಣು ಹೊರುವ ಲೆಕ್ಕದಲ್ಲೇ 5,550 ಆಯ್ತು. ದಾರ, ಬಸ್ ಚಾರ್ಜು ಬೇರೆ. ಐನೂರು ಅಂದ್ರೆ ದಿನಕ್ಕೆ 33 ರೂಪಾಯಿ!

ನಾವು ಕೋಡ್ ಬರೆದು ಗಂಟೆ ಲೆಕ್ಕದಲ್ಲಿ ಬಿಲ್ ಹಾಕ್ತೀವಿ. ಅರ್ಧ ಕೋಡ್ ಹಳೆ ಪ್ರಾಜೆಕ್ಟಿನದ್ದಾದರೂ ಬಿಲ್ ಬಿಲ್ಲೇ!

ಊರಿನ ಅಕ್ಕಂದಿರಿಗೆ ನಾನು ಹೇಳೋದು ಇಷ್ಟೇ: "ಮನ್ಯಾಗ ಕುಂತು ಹೊಲ್ದಿದ್ದು ಅಂತ ನೀವ ರೇಟ್ ಇಳಿಸಬ್ಯಾಡ್ರಿ. ಬಿಸಿಲಿಗೆ ಹಾಕ್ರಿ, ಜೋತುಬಿದ್ದ ದಾರ ಕತ್ತರಿಸ್ರಿ, ಅಳತಿ ಎಷ್ಟು, ಎಷ್ಟು ದಿನ ಹಿಡೀತು ಅಂತ ಚೀಟಿ ಬರೆದು ಹಚ್ರಿ."

ಆ ಚೀಟಿ ಓದಿಯೂ ಚೌಕಾಸಿಗೆ ಇಳಿಯುವವರಿಗೆ ಕೌದಿ ಯಾಕೆ? ಮಾಲಿನ ಬ್ಲಾಂಕೆಟ್ ಸಾಕು. ಅಲ್ಲಿ ಹೇಗೂ ಬಾಯಿ ಮುಚ್ಚಿಕೊಂಡು ದುಡ್ಡು ಕೊಡ್ತೀವಲ್ಲ... ಏನಂತೀರಿ?